ಸೂಜಿ ದಿನ ಓಡಿಹೋಗುವವರಿಗೆ



ಶಾಲೆಗೆ ನರ್ಸಮ್ಮ ಟಿಡಿ ಲಸಿಕೆ ಹಾಕೋಕೆ ಬರ್ತಾರೆ ಅಂತ ಗೊತ್ತಾದರೆ ಸಾಕು, ಅವತ್ತು ಹಾಜರಿ ಅರ್ಧ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಹೊಲದಲ್ಲಿ ಕೆಲಸ. ಕೇಳಿದರೆ ಹೇಳುವ ಮಾತು ಒಂದೇ: “ನಾನು ಗಟ್ಟಿಮುಟ್ಟಾಗಿದ್ದೀನಿ, ದಿನಾ ಮುದ್ದೆ ತಿಂತೀನಿ, ನನಗ್ಯಾಕೆ ಸೂಜಿ?”

ಗುರುಗಳು ತಪ್ಪು ತಿಳಿಯಬಾರದು. “ಬಿಳಿ ರಕ್ತಕಣಗಳು ದೇಹದ ಸೈನಿಕರು” ಎಂದು ಒಂದೇ ವಾಕ್ಯ ಓದಿ ಪಾಠ ಮುಗಿಸುವುದರಿಂದಲೂ ಇಂಥ ಮಾತು ಹುಟ್ಟುತ್ತೆ ಅಂತ ನನ್ನ ಅಭಿಪ್ರಾಯ. ಸೈನಿಕ ಎಂದ ಕೂಡಲೇ ನಮ್ಮ ತಲೆಗೆ ಬರುವುದು ತೋಳ್ಬಲ. ಆದರೆ ಆ ಕಣಗಳು ಹೊಡೆಯುವ ಮೊದಲು ಗುರುತು ಹಿಡಿಯಬೇಕು. ಯಾರು ನಮ್ಮವರು, ಯಾರು ಹೊರಗಿನವರು ಅಂತ ತಿಳಿಯದ ಸೈನಿಕ ಎಷ್ಟು ಗಟ್ಟಿಯಾಗಿದ್ದರೇನು?

ಗುರುತಿಸುವವರಲ್ಲಿ ಎರಡು ಬಗೆ. ಮೊದಲನೆಯವರು ನಮ್ಮೂರ ನಾಯಿಗಳ ಹಾಗೆ. ಬಸ್ಸಿಳಿದವನ ಹೆಸರು ಗೊತ್ತಿಲ್ಲ, ಹೊಸಬ ಅಂತ ಮಾತ್ರ ಗೊತ್ತು, ಬೊಗಳುತ್ತವೆ. ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಊದಿಕೊಳ್ಳುವುದು ಇವುಗಳ ಕೆಲಸ. ಇವನ್ನು ರಷ್ಯಾದ ಮೆಚ್ನಿಕೋಫ್ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿ ಕಂಡುಕೊಂಡರು. ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ನಾವು ಎಷ್ಟು ಸಲ ಮುಳ್ಳು ತುಳಿದಿದ್ದೇವೆ, ಯಾರಿಗೂ ಹಾಗೆ ನೋಡಬೇಕು ಅನ್ನಿಸಲಿಲ್ಲ!

ಎರಡನೆಯವರು ಮುಖ ನೋಡಿ ಗುರುತಿಸುವವರು. ಸಂತೆಯಲ್ಲಿ ಬೀಗ ರಿಪೇರಿ ಮಾಡುವವನ ಹತ್ತಿರ ಬೀಗದಕೈ ಗೊಂಚಲು ಇರುತ್ತಲ್ಲ, ಹಾಗೆ ನಮ್ಮ ರಕ್ತದಲ್ಲಿ ಕೋಟಿಗಟ್ಟಲೆ ಕಣಗಳು, ಒಂದೊಂದರ ಮೈಮೇಲೂ ಒಂದೊಂದು ಆಕಾರದ ಕೈ. ರೋಗಾಣು ಬಂದ ಮೇಲೆ ಅದಕ್ಕೆ ತಕ್ಕ ಕೈಯನ್ನು ಹೊಸದಾಗಿ ಮಾಡುವುದಲ್ಲ, ಮೊದಲೇ ಮಾಡಿಟ್ಟ ಗೊಂಚಲಲ್ಲಿ ಹೊಂದುವುದು ಯಾವುದೋ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. 1957ರಲ್ಲಿ ಆಸ್ಟ್ರೇಲಿಯಾದ ಬರ್ನೆಟ್ ಹೀಗೆಂದು ವಿವರಿಸಿದರು. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದಲ್ಲ, ಈ ಹುಡುಕಾಟ ನಡೆಯುವುದು ಅಲ್ಲೇ. ಮೊದಲ ಸಲ ಇದಕ್ಕೆ ಒಂದೆರಡು ವಾರ ಬೇಕು. ಆಮೇಲೆ ಕೆಲವು ಕಣಗಳು ನೆನಪು ಇಟ್ಟುಕೊಂಡು ಉಳಿಯುತ್ತವೆ, ಮುಂದಿನ ಸಲ ಕೆಲವೇ ದಿನ ಸಾಕು. ನಮ್ಮ ಮೈಯನ್ನೇ ಹೊಡೆಯುವ ಕಣಗಳನ್ನು ಎದೆಯೊಳಗಿನ ಥೈಮಸ್ ಗ್ರಂಥಿ ಮೊದಲೇ ಪರೀಕ್ಷೆ ಮಾಡಿ ತೆಗೆದುಹಾಕುತ್ತದೆ. ತಪ್ಪಿಸಿಕೊಂಡು ಬಂದವನ್ನು ಸುಮ್ಮನಿರಿಸುವ ಕಣಗಳೂ ಇವೆ, 2025ರ ನೊಬೆಲ್ ಬಂದದ್ದು ಅದನ್ನು ಕಂಡುಹಿಡಿದವರಿಗೇ.

ಈಗ ಧನುರ್ವಾಯುವಿಗೆ ಬರೋಣ. ಟಿಡಿಯಲ್ಲಿ ‘ಟಿ’ ಅಂದರೆ ಅದೇ, ‘ಡಿ’ ಅಂದರೆ ಗಂಟಲಮಾರಿ. ತುಕ್ಕು ಹಿಡಿದ ಮೊಳೆಯಿಂದ ಮಾತ್ರ ಇದು ಬರುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ತುಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಇದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಾನುಗಟ್ಟಲೆ ಸುಮ್ಮನೆ ಇರುತ್ತೆ. ಗಾಳಿಯಾಡದ ಆಳವಾದ ಗಾಯ ಸಿಕ್ಕಿದರೆ ಎದ್ದು ವಿಷ ಬಿಡುತ್ತೆ. ಜಾಲಿಮುಳ್ಳೂ ಸಾಕು. ಆ ವಿಷ ನರ ಸೇರಿ ದವಡೆ ಕಚ್ಚಿಕೊಳ್ಳುತ್ತೆ, ಬೆನ್ನು ಬಿಲ್ಲಿನಂತೆ ಬಾಗುತ್ತೆ. ಹೆಸರು ಬಂದದ್ದೇ ಹಾಗೆ.

ಮುದ್ದೆ ತಿನ್ನುವ ಗಟ್ಟಿಗರು ಇದನ್ನು ಎರಡು ಸಲ ಓದಿ. ಧನುರ್ವಾಯು ಬಂದು ಬದುಕಿ ಉಳಿದವನಿಗೂ ಅದರಿಂದ ರಕ್ಷಣೆ ಸಿಗುವುದಿಲ್ಲ! ಆ ವಿಷ ಎಷ್ಟು ಘೋರ ಎಂದರೆ, ಪ್ರಾಣ ತೆಗೆಯಲು ಬೇಕಾದಷ್ಟು ವಿಷ ನಮ್ಮ ಕಣಗಳಿಗೆ ಗುರುತು ಸಿಗಲು ಸಾಲದು. ಹಾಗಾಗಿ ವಾಸಿಯಾದವನಿಗೂ ಸೂಜಿ ಹಾಕಲೇಬೇಕು. ಇನ್ನು ವಿಷ ಒಮ್ಮೆ ನರ ಹಿಡಿದ ಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ. ಪ್ರತಿವಿಷ ರಕ್ತದಲ್ಲಿ ಮೊದಲೇ ಸಿದ್ಧವಿರಬೇಕು. ರಕ್ತದಲ್ಲಿ ಇಂಥ ಪ್ರತಿವಿಷ ಇರುತ್ತೆ ಅಂತ 1890ರಲ್ಲೇ ಬೇರಿಂಗ್ ಮತ್ತು ಕಿಟಸಾಟೊ ತೋರಿಸಿಕೊಟ್ಟಿದ್ದಾರೆ. ಲಸಿಕೆಯಲ್ಲಿ ಇರುವುದು ಅದೇ ವಿಷ, ಹಲ್ಲು ಕಿತ್ತ ಹಾವಿನಂತೆ ಕೇಡು ತೆಗೆದದ್ದು. ಆಕಾರ ಉಳಿದಿರುತ್ತೆ, ಕಣಗಳು ನೋಡಿ ಕಲಿಯುತ್ತವೆ.

“ಚಿಕ್ಕವರಿದ್ದಾಗ ಹಾಕಿಸಿದ್ದಾರೆ” ಅನ್ನಬೇಡಿ. ವರ್ಷ ಕಳೆದ ಹಾಗೆ ಪ್ರತಿವಿಷ ಇಳಿಯುತ್ತೆ, ಅದಕ್ಕೇ 10ಕ್ಕೆ ಒಂದು, 16ಕ್ಕೆ ಒಂದು. “ಎಲ್ಲರೂ ಹಾಕಿಸಿಕೊಂಡರೆ ನನಗೂ ಬರೋಲ್ಲ” ಅನ್ನುವ ಜಾಣತನ ದಡಾರಕ್ಕೆ ಸ್ವಲ್ಪ ನಡೆದೀತು, ಇಲ್ಲಿ ನಡೆಯೋಲ್ಲ. ಇದು ಮನುಷ್ಯರಿಂದ ಹರಡುವುದಲ್ಲ, ಮಣ್ಣಿನಿಂದ ಬರುವುದು. ಬರಿಗಾಲಲ್ಲಿ ಗದ್ದೆಗೆ, ಕೊಟ್ಟಿಗೆಗೆ ಹೋಗುವವರು ನಾವೇ ತಾನೇ?

ಗುರುಗಳಲ್ಲಿ ಒಂದು ಬಿನ್ನಹ. ನರ್ಸಮ್ಮ ಬರುವ ಹಿಂದಿನ ದಿನ ವಿಜ್ಞಾನದ ಒಂದು ಪೀರಿಯಡ್ ಇದಕ್ಕೆ ಕೊಡಿ. ಬೀಗದಕೈ ಗೊಂಚಲಿನ ಚಿತ್ರ ಬೋರ್ಡಿನ ಮೇಲೆ ನಾನು ಬರೆಯುತ್ತೇನೆ. ಬಣ್ಣದ ಸೀಮೆಸುಣ್ಣ ಮಾತ್ರ ಬೇಕು.

— ಹತ್ತನೇ ತರಗತಿಯ ವಿದ್ಯಾರ್ಥಿನಿ