ಎತ್ತರದ ಮರಕ್ಕೆ ಹಗ್ಗ ಕಟ್ಟುವ ಮುನ್ನ

ಬೆಂಗಳೂರಿನ ಅಕ್ಕಿಪೇಟೆಯ ನಮ್ಮ ಬೀದಿಯಿಂದ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. ರಾತ್ರಿ ತಾಳಗುಪ್ಪದ ಗಾಡಿ ಹತ್ತಿದರೆ ಬೆಳಗಿನ ಹೊತ್ತಿಗೆ ಹಳಿ ಮುಗಿಯುತ್ತದೆ. ಅಲ್ಲಿಂದ ಜೋಗ, ಮಾವಿನಗುಂಡಿ ದಾಟಿ ಹೊನ್ನಾವರದ ರಸ್ತೆ ಹಿಡಿದರೆ ಕತ್ತಲೆಕಾನು. ಪೇಟೆಯ ಹತ್ತು ಹನ್ನೆರಡು ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಜೊತೆಮಾಡಿಕೊಂಡು ಹೀಗೆ ಒಂದು ಹಗಲಿನ ಮಟ್ಟಿಗೆ ಹೋಗಿ ಬರುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ಒಂದೇ ದಿನದಲ್ಲಿ ಕಾಡು ಏನು ತಾನೇ ಅರ್ಥವಾದೀತು ಎಂದು ಬಳಗದ ಹಿರಿಯರು ಹಲವು ಬಾರಿ ಕೇಳಿದ್ದಾರೆ. ಅಡಿಕೆ, ಅಕ್ಕಿ, ಗಂಧದ ಕಡ್ಡಿಗಳ ನಡುವೆ ಹುಟ್ಟಿ ಬೆಳೆದ ಹುಡುಗನಿಗೆ ಒಂದು ದಿನವೂ ಇಲ್ಲದಿರುವುದಕ್ಕಿಂತ ಒಂದು ದಿನ ಮೇಲು ಎಂಬುದಷ್ಟೇ ನನ್ನ ಉತ್ತರ.

ಹೊರಡುವ ಮುನ್ನಿನ ಭಾನುವಾರ ಅವರನ್ನು ಲಾಲ್‌ಬಾಗಿಗೆ ಕರೆದೊಯ್ದು ಅಲ್ಲಿನ ಹಳೆಯ ಬಿಳಿಬೂರುಗದ ಬುಡದಲ್ಲಿ ನಿಲ್ಲಿಸುತ್ತೇನೆ. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟದಲ್ಲಿ ಗೋಡೆಯಂತೆ ಎದ್ದುನಿಂತ ಅದರ ಹಲಗೆಬೇರುಗಳನ್ನು ನೋಡಿದರೆ ದೊಡ್ಡ ಮರವೆಂದರೇನೆಂಬ ಕಲ್ಪನೆ ಬರುತ್ತದೆ. ಆದರೆ ಅದು ಒಂಟಿ ಮರ. ಬೆಳಕಿಗಾಗಿ ಅದು ಯಾರೊಡನೆಯೂ ಹೋರಾಡಬೇಕಾಗಿಲ್ಲ. ಆದ್ದರಿಂದ ಅಗಲಕ್ಕೆ ಹರಡಿದೆ. ಕತ್ತಲೆಕಾನಿನ ಧೂಮ, ಸಾಲುಧೂಪಗಳ ಕಥೆ ಬೇರೆ. ನೆರೆಯವರನ್ನು ಮೀರಿ ಮೇಲೇರಿದರೆ ಮಾತ್ರ ಅವುಗಳಿಗೆ ಬಿಸಿಲು. ಮೂವತ್ತು ನಲವತ್ತು ಮೀಟರ್ ಎತ್ತರಕ್ಕೆ ಬೆಳೆವ ಈ ಮರಗಳ ಕಾಂಡದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಕೊಂಬೆಯೇ ಇರುವುದಿಲ್ಲ. ಕೆಳಗೆ ನಿಂತವನಿಗೆ ಕಾಣುವುದು ಕಂಬ. ಎಲೆ, ಹೂವು, ಕಾಯಿ, ಮಂಗಟ್ಟೆಯ ಪೊಟರೆ, ಸಿಂಗಳೀಕದ ಸಂಸಾರ ಎಲ್ಲವೂ ಮೇಲಿನ ಅಂತಸ್ತಿನಲ್ಲಿ. ಕೆಳಗಿನ ರಾಮಪತ್ರೆ ಜಡ್ಡಿಯಲ್ಲಿ ಕೆಸರಿನಿಂದ ಮೇಲೆದ್ದ ಮೊಣಕಾಲಿನಂಥ ಬೇರುಗಳನ್ನು ದಾಟಿಕೊಂಡು ನಡೆಯುವಾಗ ಹುಡುಗರು ಮಾತು ನಿಲ್ಲಿಸುತ್ತಾರೆ. ಈ ಕಾಡಿನ ಹೆಸರನ್ನೇ ಹೊತ್ತ ಗೇರಿನ ಕುಟುಂಬದ ಮರವೊಂದನ್ನು ಸಸ್ಯವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿದ್ದು 2000ದಲ್ಲಿ. ಹೆದ್ದಾರಿಯ ಪಕ್ಕದ ಕಾಡಿನಲ್ಲಿ ಅಲ್ಲಿಯವರೆಗೆ ಒಂದು ಮರವೇ ಲೆಕ್ಕಕ್ಕೆ ಸಿಕ್ಕಿರಲಿಲ್ಲ!

ಕತ್ತಲೆಕಾನಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಂದ ನಡೆಯಬಹುದೇ ಹೊರತು ಮರ ಏರುವ ಪ್ರಶ್ನೆಯಿಲ್ಲ. 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಸೀಮೆ ಅದು. ಪ್ರಶ್ನೆ ಎದ್ದಿರುವುದು ಅದರ ಹೊರಗೆ, ನಮ್ಮ ಊರುಗಳ ಅಂಚಿನ ಕಾನು ಮತ್ತು ಸೊಪ್ಪಿನಬೆಟ್ಟಗಳಲ್ಲಿ. ಸಾಹಸ ಪ್ರವಾಸ ನಡೆಸುವ ಸಂಸ್ಥೆಯೊಂದು ಬಳಗಕ್ಕೆ ಪತ್ರ ಬರೆದಿದೆ: ಆಯ್ದ ನಾಲ್ಕಾರು ದೊಡ್ಡ ಮರಗಳಿಗೆ ಹಗ್ಗ, ಕೊಂಡಿ, ಸೊಂಟಪಟ್ಟಿಗಳನ್ನು ಅಳವಡಿಸಿ ನಗರದ ವಿದ್ಯಾರ್ಥಿಗಳನ್ನು ನೆತ್ತಿಯವರೆಗೆ ಏರಿಸುವುದು, ಊರಿಗೆ ದಿನವೊಂದಕ್ಕೆ ಇಂತಿಷ್ಟು ಬಾಡಿಗೆ ಕೊಡುವುದು. ಕೆಲವರು ಊರಿಗೆ ನಾಲ್ಕು ಕಾಸು ಬರಲಿ ಎಂದರು. ಇನ್ನು ಕೆಲವರು ಪೇಟೆಯವರ ಆಟಕ್ಕೆ ಕಾನು ಮೈದಾನವೇ ಎಂದು ಸಿಟ್ಟಾದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ನನ್ನ ತಕರಾರು ಏರುವುದರ ಬಗ್ಗೆ ಅಲ್ಲವೇ ಅಲ್ಲ. ದಕ್ಷಿಣದ ಕಳಕ್ಕಾಡು ಮುಂಡಂತುರೈ ಕಾಡಿನ ಕಾಕಚ್ಚಿಯಲ್ಲಿ ನಮ್ಮ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹಗ್ಗ ಹಿಡಿದು ನೆತ್ತಿಗೇರಿದ್ದರಿಂದಲೇ ಅಲ್ಲಿನ ಹೂಗಳಿಗೆ ಯಾವ ಜೇನು, ಯಾವ ದುಂಬಿ ಬರುತ್ತದೆಂಬ ಸಂಗತಿ ತಿಳಿಯಿತು. ಆ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಮಲೆನಾಡಿನಲ್ಲಿ ಮರ ಏರಿಯೇ ಬದುಕುವ ಜನರಿದ್ದಾರೆಂಬ ಸುಳಿವು ಅದರಲ್ಲಿ ಎಲ್ಲಿಯೂ ಇಲ್ಲ.

ಈ ವರ್ಷದ ಪ್ರವಾಸದಲ್ಲಿ ನಮ್ಮ ಜೊತೆ ಒಬ್ಬ ಕೊನೆಗೌಡರು ಬಂದಿದ್ದರು. ಅಡಿಕೆ ಕೊಯ್ಲಿನಲ್ಲಿ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುವವರು. ಮಳೆಗಾಲದಲ್ಲಿ ಉಪ್ಪಾಗೆಗೂ, ಬೇಸಿಗೆಯಲ್ಲಿ ಹೆಜ್ಜೇನಿಗೂ ಹೋಗಿಬಂದವರು. ಊರಂಚಿನ ಕಾನಿನಲ್ಲಿ ನಾಲ್ಕು ಜನ ತಬ್ಬಿದರೂ ಸುತ್ತಿಗೆ ಸಾಲದ ಸಾಲುಧೂಪವೊಂದನ್ನು ತೋರಿಸಿ ಹುಡುಗನೊಬ್ಬ, “ಗೌಡ್ರೇ, ಇದನ್ನು ಹತ್ತುತ್ತೀರಾ?” ಎಂದು ಕೇಳಿದ. ಅವರು ಮರವನ್ನು ನೋಡಲಿಲ್ಲ, ಅದರ ಸುತ್ತ ನೋಡಿದರು. “ತಮಾ, ತೆಕ್ಕೆಗೆ ಸಿಗದ ಮರವನ್ನು ಅದರ ಮೈಮೇಲೆ ಹತ್ತುವುದಲ್ಲ. ಪಕ್ಕದ ಸಣ್ಣ ಮರ ಹತ್ತಿ, ಮೇಲೆ ಕೊಂಬೆ ಕೂಡುವ ಕಡೆ ದಾಟಿಕೊಳ್ಳಬೇಕು. ಇದರ ಪಕ್ಕದ್ದು ಹೋದ ವರ್ಷವೇ ಒಣಗಿತು. ಇನ್ನು ಇದಕ್ಕೆ ದಾರಿಯಿಲ್ಲ” ಎಂದರು. ದೊಡ್ಡ ಮರಕ್ಕೆ ದಾರಿಯಾಗಿ ಸಣ್ಣ ಮರ ಬೇಕು ಎಂಬ ಆ ಲೆಕ್ಕ ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಸಿಕ್ಕಿರಲಿಲ್ಲ. ಹುಡುಗರು ಅಂದು ಬರೆದುಕೊಂಡು ಬಂದ ಟಿಪ್ಪಣಿಯಲ್ಲಿ ಅರ್ಧ ಪಾಲು ಅವರ ಮಾತೇ. ಯಾವ ವರ್ಷ ಧೂಪ ಹೂಬಿಟ್ಟಿತು, ಯಾವ ವರ್ಷ ಬಿಡಲಿಲ್ಲ, ಕೆಂಜಳಿಲು ಗೂಡು ಬದಲಿಸಿದ್ದು ಯಾವಾಗ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು.

ಅವರ ಬಲಗೈ ಮೊಣಕೈ ಬಳಿ ಸ್ವಲ್ಪ ಸೊಟ್ಟಗಿದೆ. ಉಪ್ಪಾಗೆ ಮರದಿಂದ ಬಿದ್ದದ್ದು. ಉಪ್ಪಾಗೆ ಅಷ್ಟೇನೂ ಎತ್ತರದ ಮರವಲ್ಲ. ಆದರೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ, ಕೊಂಬೆಗೆ ಪಾಚಿ ಕಟ್ಟಿರುವಾಗ. ಹಿಂದೆ ಮನೆಯ ಹುಳಿಗೆ, ಬೀಜದ ತುಪ್ಪಕ್ಕೆ ಸಾಕಾಗುವಷ್ಟು ಕೊಯ್ಯುತ್ತಿದ್ದರು. ಸಿಪ್ಪೆಯಲ್ಲಿರುವ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರ 1990ರ ದಶಕದಲ್ಲಿ ಪಶ್ಚಿಮ ದೇಶಗಳಲ್ಲಿ ಹಬ್ಬಿದ ಮೇಲೆ ಬೆಲೆ ಏರಿತು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂಬ ಭಯದಲ್ಲಿ ಹಣ್ಣಾಗುವ ಮೊದಲೇ ಕಾಯಿ ಕೀಳುವುದು, ಹತ್ತಲಾಗದಿದ್ದರೆ ಕೊಂಬೆಯನ್ನೇ ಕಡಿಯುವುದು ಶುರುವಾಯಿತು. ಸಿಪ್ಪೆ ಒಣಗಿಸಲು ಮಳೆಗಾಲದಲ್ಲಿ ಬೆಂಕಿಯೇ ಗತಿ. ಅದಕ್ಕೆ ಸೌದೆಯೂ ಕಾಡಿನದೇ. ಸಿಂಗಳೀಕಕ್ಕೆ ಅದೇ ಹಣ್ಣು ಆಹಾರ. ಎಲ್ಲೋ ದೂರದ ಊರಿನವರ ಸೊಂಟದ ಸುತ್ತಳತೆ ಕಡಿಮೆಯಾಗಲೆಂದು ಒಬ್ಬ ಮನುಷ್ಯನ ಕೈ ಮುರಿಯಿತು, ಒಂದು ಮಂಗನ ಊಟ ಹೋಯಿತು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಾದರೂ ಇದೆ. ಉಪ್ಪಾಗೆ ಮರದಿಂದ ಬಿದ್ದವನ ಹೆಸರು ಯಾರ ಪುಸ್ತಕದಲ್ಲಿದೆ?

ಇದೆಲ್ಲ ಮಲೆನಾಡಿನ ಕಷ್ಟ, ಪೇಟೆಗೆ ಇದರ ಸಂಬಂಧವಿಲ್ಲವೆಂದು ನಮ್ಮ ಹುಡುಗರು ಭಾವಿಸಬಾರದೆಂದೇ ಹಿಂದಿರುಗಿದ ವಾರ ಅವರನ್ನು ನಮ್ಮ ಬೀದಿಯ ಗ್ರಂಧಿಗೆ ಅಂಗಡಿಯೊಂದಕ್ಕೆ ಕರೆದೊಯ್ಯುತ್ತೇನೆ. ಅಲ್ಲಿನ ಚೀಲಗಳ ಮುಂದೆ ನಿಂತರೆ ಕಾಡನ್ನು ಮೂಗಿನಿಂದಲೇ ಗುರುತಿಸಬಹುದು: ರಾಳಧೂಪ, ಮಡ್ಡಿಧೂಪ, ಸೀಗೆ, ಅಂಟುವಾಳ, ದಾಲ್ಚಿನ್ನಿಯ ಮೊಗ್ಗು. ಊದುಬತ್ತಿಯ ಹಿಟ್ಟು ಕಡ್ಡಿಗೆ ಅಂಟಬೇಕಾದರೆ ಜಿಗಟು ಬೇಕು. ಅದನ್ನು ಬಹುಕಾಲ ಒದಗಿಸಿದ್ದು ನಮ್ಮ ಗುಳಮಾವಿನ ತೊಗಟೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ಸುಲಿದರೆ ಮರ ನಿಂತಲ್ಲೇ ಸಾಯುತ್ತದೆ. ರಾಳಧೂಪಕ್ಕಾಗಿ ಬುಡಕ್ಕೆ ಕಚ್ಚು ಹಾಕಿ ಬೆಂಕಿಯಿಟ್ಟ ಮರಗಳ ಗತಿಯೂ ಅಷ್ಟೇ. ಈ ಬಾರಿ ಹುಡುಗಿಯೊಬ್ಬಳು ಜಿಗಟಿನ ಪುಡಿಯನ್ನು ಬೆರಳಲ್ಲಿ ಹಿಡಿದು ಎಲ್ಲಿಂದ ಬರುತ್ತದೆಂದು ವಿಚಾರಿಸಿದಳು. “ಈಗ ಹೆಚ್ಚಿನದು ವಿಯೆಟ್ನಾಂ ಮಾಲಮ್ಮ. ಮೊದಲೆಲ್ಲ ಶಿರಸಿ, ಸಾಗರದ ಕಡೆಯಿಂದ ಬರುತ್ತಿತ್ತು” ಎಂದರು ಅಂಗಡಿಯ ಯಜಮಾನರು. “ಅಲ್ಲಿ ಮುಗಿಯಿತೇ?” ಎಂದು ಅವಳು ಕೇಳಿದ್ದಕ್ಕೆ ಅವರು ಗಿರಾಕಿಗೆ ತೂಗಿಕೊಡುವುದರಲ್ಲಿ ತೊಡಗಿದರು. ಗಾಯ ವಿಯೆಟ್ನಾಮಿಗೆ ವರ್ಗವಾಗಿದೆ ಎಂದು ನಾವು ಸಮಾಧಾನಪಟ್ಟುಕೊಳ್ಳಬೇಕೇ?

ದೇವರ ಮುಂದೆ ಹಚ್ಚುವ ಕಡ್ಡಿಯನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ದಿನಕ್ಕೆರಡು ಉರಿಯುತ್ತವೆ. ಆದರೆ ಎತ್ತರದ ಮರದ ಮೇಲಿನ ಪ್ರೀತಿ ಅದರ ನೆತ್ತಿಯಲ್ಲಿ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ಮುಗಿದುಹೋದರೆ ಅದಕ್ಕೂ ಪ್ಲೈವುಡ್ ಕಾಲದ ಕಣ್ಣಿಗೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ. ಆಗಲೂ ಧೂಮ, ಧೂಪಗಳ ನೇರವಾದ ಕಾಂಡವನ್ನು ಕಂಡು ಮೆಚ್ಚಿದವರಿದ್ದರು; ಅವರು ಘನ ಅಡಿಯ ಲೆಕ್ಕದಲ್ಲಿ ಮೆಚ್ಚಿದರು. ಆ ಮೆಚ್ಚುಗೆಗೆ ಅಡ್ಡಬಂದು ಶಿರಸಿಯ ಬಳಿಯ ಸಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿದವರು ಮರದ ಉಪಯೋಗ ಬಲ್ಲವರು, ಸೊಪ್ಪು ತರಗೆಲೆಗಳಿಗಾಗಿ ದಿನವೂ ಅದರ ಬುಡಕ್ಕೆ ಹೋಗುತ್ತಿದ್ದವರು.

ಆದುದರಿಂದ ಆ ಪತ್ರಕ್ಕೆ ಬಳಗ ಬರೆಯಬೇಕಾದ ಉತ್ತರದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಬಾಡಿಗೆಗೆ ಮರ ಕೊಡುವುದು ಬೇಡ. ಪ್ರವಾಸ ಬರುವುದಾದರೆ ಬರಲಿ. ಅವರನ್ನು ಕಾನಿಗೆ ಕರೆದೊಯ್ಯುವವರು ಊರಿನ ಮರ ಹತ್ತುವವರೇ ಆಗಿರಲಿ, ಅವರಿಗೆ ಕೂಲಿಯ ದರದಲ್ಲಲ್ಲ, ಮೇಷ್ಟ್ರ ದರದಲ್ಲಿ ಸಂಭಾವನೆ ಸಲ್ಲಲಿ. ಯಾವ ಮರ, ಯಾವ ತಿಂಗಳು ಎಂಬುದನ್ನು ಅವರು ಹೇಳಬೇಕು. ಧೂಪದ ಬೀಜ ಬಿದ್ದ ಮಳೆಗಾಲದಲ್ಲೇ ಮೊಳೆಯದಿದ್ದರೆ ಕೆಟ್ಟುಹೋಗುತ್ತದೆ. ಅದು ಮೊಳೆಯುವ ವಾರಗಳಲ್ಲಿ ಮರದ ಬುಡದಲ್ಲಿ ಐವತ್ತು ಜನ ತುಳಿದಾಡಿದರೆ ಮುಂದಿನ ತಲೆಮಾರಿನ ಮರವೇ ಇಲ್ಲ. ಮಂಗಟ್ಟೆ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡಿರುವ ತಿಂಗಳುಗಳಲ್ಲಿ ಆ ಮರಕ್ಕೆ ಯಾರೂ ಹಗ್ಗ ಎಸೆಯಬಾರದು. ಹಗ್ಗ, ಸೊಂಟಪಟ್ಟಿಗಳು ನಿಜಕ್ಕೂ ಬೇಕಾಗಿರುವುದು ಉಪ್ಪಾಗೆ ಕೊಯ್ಯುವವರಿಗೆ. ಸಂಸ್ಥೆಯವರಿಗೆ ಅಷ್ಟು ಕೌಶಲ ಇರುವುದಾದರೆ ಮೊದಲ ತರಬೇತಿ ಶಿಬಿರವನ್ನು ನಮ್ಮ ಕೊನೆಗೌಡರಿಗೆ ನಡೆಸಿಕೊಡಲಿ; ಆ ಶಿಬಿರಕ್ಕೆ ಪೇಟೆಯ ಹುಡುಗರು ಹಗ್ಗ ಹಿಡಿಯಲು ಬರುತ್ತಾರೆ.

ಹಣದ ಮಾತು ಬಂದಾಗ ನಾವು ಕೈಚಾಚಿ ನಿಲ್ಲಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವ್ಯಾಪಾರಕ್ಕಾಗಿ ತನ್ನ ಸೀಮೆಯಿಂದ ಜೀವಸಂಪನ್ಮೂಲ ಒಯ್ಯುವವರಿಂದ ಶುಲ್ಕ ಪಡೆಯುವ ಅಧಿಕಾರ ಅದಕ್ಕಿದೆ. 2006ರ ಅರಣ್ಯ ಹಕ್ಕು ಕಾಯಿದೆ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಒಡೆತನ ಕೊಟ್ಟಿದೆ. ಸಮಿತಿ ಕಾಗದದ ಮೇಲಷ್ಟೇ ಇರುವ ಊರಿನಲ್ಲಿ ಈ ಅಧಿಕಾರಗಳೂ ಕಾಗದದ ಮೇಲೇ ಉಳಿಯುತ್ತವೆ. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕವನ್ನು ಒಮ್ಮೆ ಕೇಳಿ ತೆರೆದು ನೋಡಿ. ಗುಳಮಾವು ಎಷ್ಟಿತ್ತು, ಎಷ್ಟಿದೆ ಎಂಬುದು ಅದರಲ್ಲಿ ಬರೆದಿದೆಯೇ? ಇಲ್ಲವಾದರೆ ಕಾಲೇಜಿಗೆ ಹೋಗುವ ನಿಮ್ಮ ಮನೆಯ ಮಕ್ಕಳು ಕೊನೆಗೌಡರ ಪಕ್ಕ ಕುಳಿತು ಬರೆದುಕೊಳ್ಳಬಹುದು. ಅವರಿಗೆ ಗೊತ್ತಿರುವುದನ್ನು ಬರೆಯಲು ಒಂದು ದಿನ ಖಂಡಿತ ಸಾಲದು.

ಸಂಸ್ಥೆಯ ಪತ್ರ ಇನ್ನೂ ಬಳಗದ ಕಡತದಲ್ಲೇ ಇದೆ. ಉತ್ತರವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದು ನನ್ನ ಕೋರಿಕೆ. ಸಭೆ ಜೂನ್‌ಗಿಂತ ಮೊದಲು ಸೇರಲಿ. ಮಳೆ ಹಿಡಿದ ಮೇಲೆ ಮರ ಹತ್ತುವವರು ಸಭೆಗೆ ಸಿಗುವುದಿಲ್ಲ.