ಹೊಲದಾಗಿನ ತೆನಿ ಸೆರಗಿಗೆ ಬಂತು, ನಮ್ಮ ಬೆಲ್ಲದ ಪಾಕೀಟಿಗೆ ಏನ ಬರಬೇಕು?

ಇವತ್ತಿನ ಟಿಪ್ಪಣಿ ಬೆಳಿ ಬಗ್ಗೆ ಅಲ್ಲ, ಬೆಳದದ್ದನ್ನ ಮಾರೋ ಬಗ್ಗೆ. ಸ್ವಲ್ಪ ಉದ್ದ ಐತಿ, ಪುರಸೊತ್ತು ಮಾಡಿಕೊಂಡು ಓದ್ರಿ.

ಈಗ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಮಹಿಳಾ ಸಂಘದವರು, ರೈತ ಗುಂಪಿನವರು ಬೆಲ್ಲದ ಪುಡಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕಟಕ ರೊಟ್ಟಿ ಮಾಡಿ ಮಾರಾಕತ್ತಾರ. ಬಾಳ ಚಲೋ ಕೆಲಸ. ಆದ್ರ ಕಿತ್ತೂರು ಉತ್ಸವದಾಗ, ಎಲ್ಲಮ್ಮನ ಗುಡ್ಡದ ಜಾತ್ರ್ಯಾಗ ಅಂಗಡಿ ಸಾಲು ನೋಡಿದ್ರ ಎಲ್ಲಾರ ಪಾಕೀಟೂ ಒಂದ ನಮೂನಿ. ಮಿಂಚೋ ಹಾಳಿ, ಇಂಗ್ಲಿಷ್ ಹೆಸರು, ಎರಡು ಹಸರ ಎಲಿ ಚಿತ್ರ. ಒಳಗ ಹಿಂಡಿ ಐತೋ ಬೆಲ್ಲದ ಪುಡಿ ಐತೋ ತಿಳೀಬೇಕಂದ್ರ ಚಾಳೀಸು ಹುಡುಕಬೇಕು. ಡಿಜೈನ್ ಅಂದ್ರ ಮಿಂಚು ಅಂತ ನಾವು ತಿಳಕೊಂಡೀವಿ. ನನ್ನ ಅಭಿಪ್ರಾಯ ಬ್ಯಾರೆ. ಕೊಳ್ಳುವವರ ಕಣ್ಣಿಗೆ, ಕೈಗೆ ವಸ್ತು ತಾನ ಆಗಿ ತಿಳಿಯುವಂಗ ಮಾಡೋದು ಡಿಜೈನ್. ಇದನ್ನ ಕಲಿಯಾಕ ಬೆಂಗಳೂರಿಗೆ ಹೋಗೋದು ಬ್ಯಾಡ, ನಮ್ಮ ಸುತ್ತಮುತ್ತನ ಅದಾವ.

ಮೊದಲು ಇಳಕಲ್ ಸೀರಿ ನೋಡ್ರಿ. ಕೆಂಪು ಸೆರಗಿನ ಮ್ಯಾಲ ಬಿಳಿ ಚಿತ್ತಾರ. ಅದಕ್ಕ ತೋಪು ತೆನಿ ಸೆರಗು ಅಂತಾರ. ಅದರಾಗ ಏನೇನು ಬರತಾವ? ಹಣಗಿ, ಕೋಟಿ ತೆನಿ ಸಾಲು, ಗುಡ್ಡದ ಸಾಲು, ಜೋಳದ ತೆನಿ. ದಿನಾ ತಲಿ ಬಾಚೋ ಹಣಗಿ, ಹೊಲದಾಗ ನಿಂತ ಜೋಳ. ನೇಕಾರ ಇದನ್ನ ಎಲ್ಲಿಂದೋ ತರಲಿಲ್ಲ, ಉಡುವವರ ಬದುಕಿನಾಗಿಂದ ಎತ್ತಿದ. ಅದಕ್ಕ ನಮ್ಮ ಅವ್ವ, ಅಜ್ಜಿ ಅದನ್ನ ಹೊಲಕ್ಕೂ ಉಟ್ಟರು, ಮದುವಿಗೂ ಉಟ್ಟರು. ದೂರದಿಂದ ಸೆರಗು ನೋಡಿದ್ರ ಸಾಕು, ಇಳಕಲ್ ಅಂತ ಗೊತ್ತಾಗತೈತಿ. ಚೀಟಿ ಓದೋದು ಬ್ಯಾಡ.

ಎರಡನೇದು ಕೂರಗಿ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರು ನಮ್ಮ ಭಾಗದ ರೈತರಿಗೆ ಹೊಸದಲ್ಲ. 2022ರಾಗ ಪದ್ಮಶ್ರೀ ಬಂತು. ಅವರು ದೊಡ್ಡ ಕಂಪನಿ ಎಂಜಿನಿಯರ್ ಅಲ್ಲ, ಒಕ್ಕಲುತನದ ಮನಿತನದವರು. ಬಿತ್ತೋ ಕೂರಗಿ, ಕಬ್ಬು ನಾಟಿ ಮಾಡೋ ಯಂತ್ರ, ಹುಣಸಿ ಬೀಜ ಬಿಡಿಸೋ ಯಂತ್ರ ಮಾಡಿದರು. ಎಲ್ಲಾವೂ ಒಕ್ಕಲಿಗ ಎಲ್ಲಿ ತ್ರಾಸ ಪಡತಾನ ಅನ್ನೋದನ್ನ ನೋಡಿ ಹುಟ್ಟಿದವು. ಎರಿ ಮಣ್ಣು ಹಸಿ ಇದ್ದಾಗ ಹೆಂಗ ಮೆತ್ತಿಕೊಳ್ಳತೈತಿ, ಆಳು ಸಿಗದ ಹೊತ್ತಿನಾಗ ಬಿತ್ತಿಗಿ ಹೆಂಗ ತಪ್ಪತೈತಿ, ಇದು ಹೊಲದಾಗ ನಿಂತವರಿಗೆ ಗೊತ್ತು. ಬಳಸುವವರ ತ್ರಾಸ ಗೊತ್ತಿದ್ದವರು ಮಾಡಿದ ವಸ್ತುವಿಗೆ ಜಾಹೀರಾತು ಕಡಿಮಿ ಸಾಕು.

ಮೂರನೇದು ನಾವು ಲಕ್ಷ್ಯ ಕೊಡದ ಒಂದು ಸಣ್ಣ ಚಿತ್ರ. ಎಣ್ಣಿ ಹೊಡಿಯೋ ಡಬ್ಬಿ ಮ್ಯಾಲ ಮೂಲಿ ಮ್ಯಾಲ ನಿಂತ ಚೌಕ ಇರತೈತಿ. ಅದರ ಕೆಳಗಿನ ಅರ್ಧ ಕೆಂಪಿದ್ರ ಅತೀ ಘೋರ ವಿಷ, ಅದರ ಮ್ಯಾಲ ಬುರುಡಿ ಎಲುಬಿನ ಗುರ್ತು ಇರತೈತಿ. ಆಮ್ಯಾಲ ಹಳದಿ, ನಂತರ ನೀಲಿ, ಕಡೀಕ ಹಸರು, ಹಿಂಗ ವಿಷ ಕಡಿಮಿ ಆಗತಾ ಹೋಗತೈತಿ. 1971ರ ಕೀಟನಾಶಕ ನಿಯಮದ ಪ್ರಕಾರ ಈ ಗುರ್ತು ಚೀಟಿಯ ಮುಖದ ಹದಿನಾರನೇ ಒಂದು ಭಾಗಕ್ಕಿಂತ ಸಣ್ಣದು ಇರಬಾರದು. ಅಕ್ಷರ ಬರದ ಕೂಲಿ ಆಳಿಗೂ ಇದು ತಿಳಿಯಬೇಕು ಅಂತನ ಮಾಡಿದ್ದು. ಆದ್ರ ಹಸರಿದ್ರ ಏನೂ ಆಗಂಗಿಲ್ಲ ಅಂತ ತಿಳಿಬ್ಯಾಡ್ರಿ, ಅದೂ ವಿಷನ. ಡಬ್ಬಿ ಮ್ಯಾಲಿನ ಹುಲಿ, ಸಿಂಹದ ಚಿತ್ರ ಮಾರಾಕ ಐತಿ. ಈ ಚೌಕ ಜೀವ ಉಳಸಾಕ ಐತಿ. ಎಷ್ಟೋ ಅಂಗಡ್ಯಾಗ ಇದನ್ನ ಯಾರೂ ತೋರಸಂಗಿಲ್ಲ, ನಾವೂ ಕೇಳಂಗಿಲ್ಲ. ಇನ್ನಮ್ಯಾಲ ಕೇಳ್ರಿ.

ಈಗ ನಮ್ಮ ಬೆಲ್ಲಕ್ಕ ಬರೋಣ. ಹತ್ತು ಕಿಲೋದ ಪೆಂಟಿ ಯಾರಿಗಾಗಿ ಮಾಡ್ತೀವಿ? ದಲಾಲಿ ಅಂಗಡಿಗೆ, ಲಾರಿಗೆ, ಇಪ್ಪತ್ತು ಮಂದಿ ಉಣ್ಣೋ ಹಳೇ ಮನಿತನಕ್ಕ. ಧಾರವಾಡದಾಗ, ಬೆಳಗಾವಿಯಾಗ ಮೂರು ಮಂದಿ ಇರೋ ಮನಿಯವರು ಅದನ್ನ ಒಡಿಯಾಕ ಕಲ್ಲು ಎಲ್ಲಿಂದ ತರಬೇಕು? ಅರ್ಧ ಕಿಲೋ, ಕೈಲೆ ಮುರಿಯುವಂಥ ಅಚ್ಚು ಅವರಿಗೆ ಬೇಕು. ಮಳಿಗಾಲದಾಗ ಬೆಲ್ಲ ನೀರೊಡೀತೈತಿ, ಹಂಗಾಗಿ ತಗದು ಮತ್ತ ಮುಚ್ಚಾಕ ಬರೋ ಪಾಕೀಟು ಬೇಕು. ಇದು ಡಿಜೈನ್. ಬಣ್ಣದ ಛಾಪ ಆಮ್ಯಾಲಿನ ಮಾತು.

ದೊಡ್ಡ ಗೊಂದಲ ಇರೋದು ಬೆಲ್ಲದ ಬಣ್ಣದಾಗ. ಕೊಳ್ಳುವವರ ಕಣ್ಣು ಬಂಗಾರದಂಥ ಹಳದಿಗೆ ಒಗ್ಗಿಬಿಟ್ಟೈತಿ. ಆ ಬಣ್ಣಕ್ಕ ಗಾಣದ ಮನಿಯಾಗ ಹೈಡ್ರೋಸ್ ಬೀಳತೈತಿ. ಬೆಂಡಿ ಗಿಡದ ಲೋಳಿ ಹಾಕಿ ಹೊಲಸು ತಗದು ಮಾಡಿದ ಬೆಲ್ಲ ಕಂದು ಇರತೈತಿ, ಅದನ್ನ ನೋಡಿ "ಹಳೇದೇನ್ರಿ ಅಣ್ಣಾರ?" ಅಂತಾರ. ಹಿಂಗಾಗಿ ಚಲೋ ಮಾಲಿಗೆ ಕಡಿಮಿ ರೇಟು. ಇಲ್ಲಿ ಪಾಕೀಟು ನಮ್ಮ ಪರವಾಗಿ ಮಾತಾಡಬೇಕು. ಸಾಫ್ ಕಾಣೋ ಹಾಳಿ, ಬಣ್ಣ ಮುಚ್ಚಿಡೋದು ಬ್ಯಾಡ. ಅದರ ಮ್ಯಾಲ ದೊಡ್ಡ ಕನ್ನಡ ಅಕ್ಷರದಾಗ: "ಹೈಡ್ರೋಸ್ ಹಾಕಿಲ್ಲ, ಅದಕ್ಕ ಈ ಬಣ್ಣ." ಯಾವ ಊರಿನ ಗಾಣ, ಯಾವ ತಿಂಗಳು ಕಾಸಿದ್ದು. ಹೂರಣಕ್ಕ ಒಂದು ಪಾವು ಬ್ಯಾಳಿಗೆ ಎಷ್ಟು ಬೆಲ್ಲ ಬೇಕು ಅಂತ ಒಂದು ಸಾಲು. ತೂಕ, ದರ, ಆಹಾರ ಸುರಕ್ಷತಾ ಪರವಾನಗಿ ನಂಬರ್ ಅಂತೂ ಕಾಯ್ದೆ ಪ್ರಕಾರ ಇರಬೇಕು. ಮತ್ತ ಬರದದ್ದು ಖರೇ ಇರಬೇಕು. ಹೈಡ್ರೋಸ್ ಹಾಕಿ ಇಲ್ಲ ಅಂತ ಛಾಪಿಸಿದ್ರ ಒಬ್ಬರ ಸುಳ್ಳಿಗೆ ನಾಕೂ ತಾಲೂಕಿನ ಬೆಲ್ಲದ ಹೆಸರು ಕೆಡತೈತಿ.

"ಇದಕ್ಕೆಲ್ಲ ರೊಕ್ಕ ಎಲ್ಲಿಂದ ತರೋಣ?" ಅಂತ ನೀವು ಕೇಳಬಹುದು. ನಾ ಹೇಳಿದ್ದರಾಗ ರೊಕ್ಕದ ಕೆಲಸ ಕಡಿಮಿ, ವಿಚಾರದ ಕೆಲಸ ಹೆಚ್ಚು. ನಂದಿನಿ ಹಾಲು ನೋಡ್ರಿ. ಓದಾಕ ಬರದ ಅಜ್ಜಿನೂ ಅಂಗಡಿಗೆ ಹೋಗಿ "ನೀಲಿ ಪಾಕೀಟು ಕೊಡಪಾ" ಅಂತಾಳ. ಬಣ್ಣ ಒಂದ ಇಟ್ಟು, ವರ್ಷಾನುಗಟ್ಟಲೆ ಬದಲಿ ಮಾಡದ ಹಂಗ ನಡಿಸಿದ್ದರ ಫಲ ಅದು. ನಮ್ಮ ಗುಂಪುಗಳು ವರ್ಷಕ್ಕೊಮ್ಮೆ ಹೆಸರು, ಬಣ್ಣ ಬದಲಿ ಮಾಡ್ತಾವ. ಹೋದ ವರ್ಷ ತೊಗೊಂಡವರು ಈ ವರ್ಷ ನಮ್ಮನ್ನ ಹೆಂಗ ಗುರ್ತು ಹಿಡಿಬೇಕು?

ಸಂಘದ ತಾಯಂದಿರಿಗೆ, ಗುಂಪಿನ ಹುಡುಗರಿಗೆ ನನ್ನದೊಂದು ವಿನಂತಿ. ಮುಂದಿನ ಸಲ ಸಾವಿರಗಟ್ಟಲೆ ಪಾಕೀಟು ಛಾಪಿಸೋ ಮೊದಲು ಒಂದ ನಮೂನಿ ಮಾಡಿ, ನಿಮ್ಮ ಓಣಿಯಾಗ ಓದಾಕ ಬರದ ಒಬ್ಬ ಹಿರಿ ಹೆಣಮಗಳ ಕೈಯಾಗ ಕೊಡ್ರಿ. "ಯವ್ವಾ, ಇದರಾಗ ಏನೈತಿ? ಹೆಂಗ ತಗೀತಿ?" ಅಂತ ಕೇಳ್ರಿ. ಆಕಿ ಹೇಳಿ, ತಗದು ತೋರಿಸಿದ್ರ ಛಾಪಿಸ್ರಿ. ಇಲ್ಲಂದ್ರ ರೊಕ್ಕ ಕಟ್ಟಬ್ಯಾಡ್ರಿ, ನಮೂನಿ ತಿದ್ದಿ ಮತ್ತ ಕೇಳ್ರಿ. ಭಾರತ ಹುಣ್ಣಿಮಿ ಜಾತ್ರಿಗೆ ಮುಂಚೆ ಈ ಕೆಲಸ ಆಗಲಿ.