ಆಪರೇಷನ್ ಬೆಂಗಳೂರಲ್ಲಿ, ಊಟ ಚಳ್ಳಕೆರೆಯಲ್ಲಿ

“ಹೊಟ್ಟೇಲಿ ಒಳ್ಳೆ ಬ್ಯಾಕ್ಟೀರಿಯಾ ಬೆಳೆಸೋ ಕ್ಯಾಪ್ಸೂಲ್ ಐತಂತಲ್ಲಣ್ಣ, ಒಂದು ಶೀಟ್ ಕೊಡು.” ಚಳ್ಳಕೆರೆಯ ನನ್ನ ಮೆಡಿಕಲ್ ಶಾಪಿನಲ್ಲಿ ಈ ಮಾತು ಈಚೆಗೆ ಕೇಳಿಬರುತ್ತಿದೆ. ಭೇದಿಗೆ ಕೇಳಿದರೆ ಅದು ಬೇರೆ ಮಾತು. ಇವರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು, ಎರಡು ಮೂರು ವರ್ಷ ಹಗುರಾಗಿ ಓಡಾಡಿ, ಈಗ ತೂಕ ಮತ್ತೆ ಏರುತ್ತಿದೆ ಎಂದು ಕಂಗಾಲಾದವರು. ಮಾರಿದರೆ ಲಾಭ ನನಗೇ. ಆದರೂ ಹೇಳುತ್ತೇನೆ: ಆ ದುಡ್ಡಿಗೆ ಹುರುಳಿಕಾಳು ತಗೊಂಡು ಹೋಗಿ.

ಬರಗಾಲದ ಸೀಮೆಯಲ್ಲಿ ಎಂಥ ಬೊಜ್ಜು ಎಂದು ನಗುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚು. ದಿನವಿಡೀ ಮಗ್ಗದಲ್ಲೋ ಅಂಗಡಿ ಗಲ್ಲಾದಲ್ಲೋ ಕೂತು, ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವ ನಾವು ಅದರಿಂದ ಹೊರಗೇನೂ ಇಲ್ಲ.

ಬ್ಯಾಕ್ಟೀರಿಯಾದ ಮಾತು ಪೂರ್ತಿ ಸುಳ್ಳೂ ಅಲ್ಲ. ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಮಾಡಿದಾಗ ಆಹಾರ ಹೊಟ್ಟೆಯ ಬಹುಭಾಗವನ್ನೂ ಸಣ್ಣ ಕರುಳಿನ ಮೊದಲ ಭಾಗವನ್ನೂ ಬಿಟ್ಟು ನೇರ ಮುಂದಕ್ಕೆ ಹೋಗುತ್ತದೆ. ಆಮ್ಲ ಕಡಿಮೆಯಾಗುತ್ತದೆ, ಪಿತ್ತರಸದ ಹರಿವು ಬದಲಾಗುತ್ತದೆ, ಅಲ್ಲಿ ಬದುಕುವ ಸೂಕ್ಷ್ಮಜೀವಿಗಳೂ ಬದಲಾಗುತ್ತವೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆಗಿ ಒಂಬತ್ತು ವರ್ಷ ಕಳೆದ ಹೆಂಗಸರಲ್ಲೂ ಈ ಬದಲಾವಣೆ ಉಳಿದಿತ್ತು. ಆ ಬ್ಯಾಕ್ಟೀರಿಯಾವನ್ನು ಇಲಿಗಳ ಕರುಳಿಗೆ ಸೇರಿಸಿದರೆ ಇಲಿಗಳಿಗೂ ಕೊಬ್ಬು ಕಡಿಮೆ ಬಂತು. ಇಷ್ಟು ಓದಿದ ಕಂಪನಿಯವರಿಗೆ ಕ್ಯಾಪ್ಸೂಲ್ ಮಾರಲು ಇನ್ನೇನು ಬೇಕು?

ಆದರೆ ಮನುಷ್ಯ ಇಲಿಯಲ್ಲ. ಫಿನ್ಲೆಂಡಿನಲ್ಲಿ 41 ಮಂದಿಯ ಮೇಲೆ ಒಂದು ಪ್ರಯೋಗ ನಡೆಯಿತು. ಆಪರೇಷನ್ನಿಗೆ ಆರು ತಿಂಗಳು ಮುಂಚೆ ಕೆಲವರಿಗೆ ತೆಳ್ಳಗಿನವರ ಮಲದಿಂದ ತೆಗೆದ ಸೂಕ್ಷ್ಮಜೀವಿಗಳನ್ನೇ ಕರುಳಿಗೆ ಸೇರಿಸಿದರು. 2022ರಲ್ಲಿ ಬಂದ ಫಲಿತಾಂಶ: ತೂಕದಲ್ಲಿ ವ್ಯತ್ಯಾಸವಿಲ್ಲ. ಇಡೀ ಸಂಸಾರವನ್ನೇ ತಂದು ಕೂರಿಸಿದರೂ ಆಗದ್ದು ಒಂದು ಶೀಟ್ ಕ್ಯಾಪ್ಸೂಲಿನಿಂದ ಆದೀತೇ?

ಹಾಗಂತ ಆಪರೇಷನ್ ದಂಡ ಎಂದು ನಾನು ಹೇಳುತ್ತಿಲ್ಲ. ಸ್ವೀಡನ್ನಿನಲ್ಲೇ 1987ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದವರ ತೂಕ ಎರಡು ವರ್ಷದ ಹೊತ್ತಿಗೆ ಸರಾಸರಿ ಶೇ 23 ಇಳಿದಿತ್ತು, ಹತ್ತನೇ ವರ್ಷಕ್ಕೆ ಇಳಿಕೆ ಶೇ 17 ಆಯಿತು, ಇಪ್ಪತ್ತನೇ ವರ್ಷದಲ್ಲೂ ಶೇ 18 ಉಳಿದಿತ್ತು. ಅಂದರೆ ಸ್ವಲ್ಪ ವಾಪಸ್ ಬರುವುದು ಸಹಜ, ಬಹುಪಾಲು ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಬೇಕಾದದ್ದು ಮಾತ್ರ ನಮ್ಮೂರಲ್ಲಿ, ನಮ್ಮ ತಟ್ಟೆಯಲ್ಲಿ.

ಮೊಳಕಾಲ್ಮೂರಿನ ನೇಕಾರರ ಮನೆಯ ಹೆಣ್ಣುಮಗಳೊಬ್ಬರು ಆಸ್ಪತ್ರೆಯವರು ಕೊಟ್ಟ ಊಟದ ಚಾರ್ಟ್ ತೋರಿಸಿದರು. ಓಟ್ಸ್, ಬ್ರೊಕೋಲಿ, ಆಲಿವ್ ಎಣ್ಣೆ. ಶೇಂಗಾ ಎಣ್ಣೆಯ ಮಿಲ್ಲುಗಳ ಊರಿಗೆ ಆಲಿವ್ ಎಣ್ಣೆ! ಅವರು ದಿನಾ ಉಣ್ಣುವ ಮುದ್ದೆಯ ಬಗ್ಗೆ ಒಂದಕ್ಷರ ಇಲ್ಲ. ಆಕೆಗೆ ಆದ ಸ್ಲೀವ್ ಆಪರೇಷನ್ನಿನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆಯುತ್ತಾರೆ, ಉಳಿದ ಸಣ್ಣ ಕೊಳವೆಗೆ ಪ್ರತಿ ತುತ್ತನ್ನೂ ನುಣ್ಣಗೆ ಅಗಿದು ಕಳಿಸಬೇಕು. ಮುದ್ದೆಯನ್ನು ಅಗಿಯುವವರು ಯಾರು? ನಾವು ನುಂಗುವವರು. ಆಕೆ ನುಂಗಿದ್ದಾರೆ, ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯಾಗಿದೆ, ಹೆದರಿ ಮುದ್ದೆ ಬಿಟ್ಟು ಬನ್ನು ಬಿಸ್ಕತ್ತಿಗೆ ಬಂದಿದ್ದಾರೆ. ಬಿಸ್ಕತ್ತು ಸಲೀಸಾಗಿ ಇಳಿಯುತ್ತದೆ, ತೂಕ ಸಲೀಸಾಗಿ ಏರುತ್ತದೆ.

ಕರುಳಿನ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ನಾರು. ಅದನ್ನು ಹುದುಗಿಸಿ ಅವು ಮಾಡುವ ಆಮ್ಲಗಳು ‘ಸಾಕು’ ಎಂದು ಮಿದುಳಿಗೆ ತಿಳಿಸುವ ಹಾರ್ಮೋನುಗಳನ್ನು ಹೆಚ್ಚಿಸುತ್ತವೆ. ನವಣೆ, ಸೊಪ್ಪು, ಕಾಳು ನಮ್ಮಲ್ಲಿ ಇದ್ದೇ ಇವೆ. ಆದರೆ ಹುರುಳಿಕಟ್ಟಿನ ಸಾರು ಕುಡಿದು ಕಾಳನ್ನು ಎತ್ತಿಗೆ ಹಾಕಿದರೆ ಪ್ರಯೋಜನವಿಲ್ಲ. ಪ್ರೋಟೀನೂ ನಾರೂ ಇರುವುದು ಕಾಳಿನಲ್ಲೇ. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು.

ಇನ್ನು ನನ್ನ ಕೌಂಟರಿನ ವಿಷಯ. ಮಗ್ಗದಲ್ಲಿ ಕೂತವರಿಗೆ ಸೊಂಟನೋವು ತಪ್ಪಿದ್ದಲ್ಲ, ಡೈಕ್ಲೋಫಿನಾಕ್ ಕೇಳಿಕೊಂಡು ಬರುತ್ತಾರೆ. ಬೈಪಾಸ್ ಆದವರಿಗೆ ಅದು ಹುಣ್ಣು ತರಬಹುದು, ರಕ್ತಸ್ರಾವವೂ ಆಗಬಹುದು. ನೆಗಡಿಗೆಲ್ಲ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೇಳುವವರು ಅದರ ಜೊತೆಗೇ ಬ್ಯಾಕ್ಟೀರಿಯಾ ಕ್ಯಾಪ್ಸೂಲೂ ಕೇಳುತ್ತಾರೆ. ಒಂದು ಕೊಲ್ಲುವುದಕ್ಕೆ, ಇನ್ನೊಂದು ಸಾಕುವುದಕ್ಕೆ! ಜೀವನಪೂರ್ತಿ ಬೇಕಾದ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಮಾತ್ರ ಆರು ತಿಂಗಳಿಗೇ ನಿಲ್ಲಿಸಿರುತ್ತಾರೆ.

ರಕ್ತ ಪರೀಕ್ಷೆಗೂ ಊಟದ ಸಲಹೆಗೂ ಬೆಂಗಳೂರಿನ ಬಸ್ಸು ಹತ್ತಬೇಕೆಂದರೆ ಎರಡನೇ ವರ್ಷಕ್ಕೆ ಯಾರೂ ಹೋಗುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿ.ಪಿ., ಶುಗರ್ ನೋಡುವ ಕಡೆಯೇ ವಾರಕ್ಕೊಂದು ದಿನ ಆಹಾರ ತಜ್ಞರನ್ನು ಕೂರಿಸಲಿ. ಆಪರೇಷನ್ ಮಾಡುವವರು ಡಿಸ್ಚಾರ್ಜ್ ಚೀಟಿಯನ್ನು ಕನ್ನಡದಲ್ಲಿ ಬರೆದು, ಯಾವ ಮಾತ್ರೆ ನುಂಗಬಾರದು ಎಂಬುದನ್ನು ಮೊದಲ ಸಾಲಿನಲ್ಲೇ ಹಾಕಲಿ. ಅಲ್ಲಿಯವರೆಗೆ, ಆಪರೇಷನ್ ಮಾಡಿಸಿಕೊಂಡವರು ಯಾವ ಮೆಡಿಕಲ್ ಶಾಪಿಗೆ ಹೋದರೂ ಮೊದಲು ಆ ವಿಷಯ ಹೇಳಿ, ಆಮೇಲೆ ಮಾತ್ರೆ ಕೇಳಿ.